495 ರೇಸ್, ಒಂದೇ ಗೆಲುವು: ವೆಂಡೆಲ್ ಸ್ಕಾಟ್‌ಗೆ ಹಾಲ್ ಆಫ್ ಫೇಮ್ ಯಾಕೆ?

ಗೇರ್‌ಬಾಕ್ಸ್ ಗಿರಿ:
ಮೊದಲೇ ಹೇಳಿಬಿಡುತ್ತೇನೆ, ಇದು ಕಾಲೆಳೆಯೋ ಪೋಸ್ಟ್ ಅಲ್ಲ. ಅಮೆರಿಕದಲ್ಲಿ ಸ್ಟಾಕ್ ಕಾರ್, ಅಂದರೆ ರಸ್ತೆ ಕಾರಿನ ರೂಪದ ಕಾರುಗಳ ರೇಸ್ ನಡೆಸುವ ನ್ಯಾಸ್ಕಾರ್ ಸಂಸ್ಥೆಯ ಹಾಲ್ ಆಫ್ ಫೇಮ್ ಪಟ್ಟಿ ನೋಡುತ್ತಿದ್ದೆ. ರಿಚರ್ಡ್ ಪೆಟಿ 200 ಗೆಲುವು. ಡೇವಿಡ್ ಪಿಯರ್ಸನ್ 105. ಇವರ ಬಗ್ಗೆ ಯಾರ ತಕರಾರೂ ಇಲ್ಲ. 2015ರಲ್ಲಿ ಸೇರಿದವರನ್ನು ನೋಡಿ: ಬಿಲ್ ಎಲಿಯಟ್ 44, ರೆಕ್ಸ್ ವೈಟ್ 28, ಫ್ರೆಡ್ ಲೊರೆನ್ಜೆನ್ 26, ಜೋ ವೆದರ್ಲಿ 25. ಅವರ ಜೊತೆಗೇ ವೆಂಡೆಲ್ ಸ್ಕಾಟ್. 495 ರೇಸ್, ಗೆಲುವು ಒಂದು. ಒಂದೇ ಒಂದು.

ಸ್ಕಾಟ್ ಕಪ್ಪು ಜನಾಂಗದವರು. ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ, ಆ ಕಾಲದಲ್ಲಿ ರೇಸ್ ಓಡಿಸಿದರು. ತುಂಬಾ ಕಷ್ಟಪಟ್ಟರು, ಒಪ್ಪಿದೆ. ಆದರೆ ಕಷ್ಟಪಟ್ಟಿದ್ದಕ್ಕೆ ಬೇರೆ ಯಾವುದಾದರೂ ಪ್ರಶಸ್ತಿ ಕೊಡಬಹುದಿತ್ತಲ್ವಾ? ಡ್ರೈವರ್ ಅಂತ ಮಾತ್ರ ನೋಡಿದರೆ ಇವರು ನಿಜವಾಗಿ ಎಷ್ಟು ಒಳ್ಳೆಯವರು? ಬಲ್ಲವರು ಹೇಳಿ.

ಓವರ್‌ಸ್ಟಿಯರ್:
ನ್ಯಾಸ್ಕಾರಾ? ದುಂಡಗಿನ ಟ್ರ್ಯಾಕಿನಲ್ಲಿ ಎಡಕ್ಕೆ ತಿರುಗಿಸು, ಮತ್ತೆ ಎಡಕ್ಕೆ ತಿರುಗಿಸು. ಅದಕ್ಕೊಂದು ಹಾಲ್ ಆಫ್ ಫೇಮ್ ಬೇರೆ ಕೇಡು.

ಶಾರ್ಲೆಟ್ ಶೆಟ್ಟಿ:
ಬಂದ್ರಾ ಮಾರಾಯ್ರೆ. ಪ್ರತಿ ಥ್ರೆಡ್‌ನಲ್ಲೂ ನಿಮ್ಮದು ಇದೇ ಜೋಕು.

ಗಿರಿ ಅವರೇ, ನಾನು ಇರುವುದೇ ನಾರ್ತ್ ಕ್ಯಾರೊಲೈನಾದ ಶಾರ್ಲೆಟ್‌ನಲ್ಲಿ. ಆ ಹಾಲ್ ಆಫ್ ಫೇಮ್ ಇಲ್ಲೇ ಊರ ಮಧ್ಯೆ ಇದೆ. ಊರಿಂದ ಯಾರೇ ಬಂದರೂ ಕರೆದುಕೊಂಡು ಹೋಗುವುದು ನನ್ನ ಪಾಲಿಗೇ ಬಂದಿದೆ. ಒಳಗೆ ಗ್ಲೋರಿ ರೋಡ್ ಅಂತ ಒಂದು ಇಳಿಜಾರು ಹಾದಿ ಮಾಡಿದ್ದಾರೆ. ಶುರುವಿನಲ್ಲಿ ಸಮತಟ್ಟು, ಹೋಗ್ತಾ ಹೋಗ್ತಾ ಓರೆಯಾಗಿ 33 ಡಿಗ್ರಿಗೆ ಏರುತ್ತದೆ. ಅದರ ಮೇಲೆ ಹಳೇ ರೇಸ್ ಕಾರುಗಳು ನಿಂತಿವೆ. ಆ ಓರೆಯ ಮೇಲೆ ಒಂದು ಸಲ ನಿಂತು ನೋಡಿದರೆ "ಎಡಕ್ಕೆ ತಿರುಗಿಸು" ಜೋಕು ಬಾಯಿಗೆ ಬರಲ್ಲ.

ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಒಂದು ಗೆಲುವು ನೋಡಬೇಡಿ, 147 ನೋಡಿ. ಅಷ್ಟು ಸಲ ಸ್ಕಾಟ್ ಮೊದಲ ಹತ್ತರೊಳಗೆ ಮುಗಿಸಿದ್ದಾರೆ. 20 ಸಲ ಮೊದಲ ಐದರೊಳಗೆ. 1966ರಲ್ಲಿ ಇಡೀ ವರ್ಷದ ಪಾಯಿಂಟ್ಸ್‌ನಲ್ಲಿ 6ನೇ ಸ್ಥಾನ. 1966ರಿಂದ 1969ರವರೆಗೆ ಸತತ ನಾಲ್ಕು ವರ್ಷ ಮೊದಲ ಹತ್ತರಲ್ಲಿದ್ದರು. ಬೇರೆ ತಂಡದವರು ಕಳಚಿಟ್ಟ ಟೈರ್ ಹಾಕಿಕೊಂಡು ಇದನ್ನು ಮಾಡಿದ್ದು.

ಗೇರ್‌ಬಾಕ್ಸ್ ಗಿರಿ:
ಮೊದಲ ಹತ್ತು ಅನ್ನೋದು ದೊಡ್ಡದಾಗಿ ಕೇಳಿಸುತ್ತೆ ಸರ್. ಆ ಕಾಲದಲ್ಲಿ ಅರ್ಧ ಕಾರುಗಳು ದಾರಿಯಲ್ಲೇ ಕೆಟ್ಟು ನಿಲ್ಲುತ್ತಿದ್ದವು. ನಿಧಾನವಾಗಿ ಓಡಿಸಿ ಕೊನೆಯವರೆಗೂ ಉಳಿದರೆ ಎಂಟನೆಯದೋ ಒಂಬತ್ತನೆಯದೋ ತಾನಾಗಿ ಸಿಗುತ್ತಿತ್ತು.

ಹಳೇ ಅಂಬಾಸಿಡರ್:
ಅದನ್ನು "ತಾನಾಗಿ" ಅಂತೀರಲ್ಲ, ಗ್ಯಾರೇಜಿನಲ್ಲಿ ಕೈ ಮಸಿ ಮಾಡಿಕೊಂಡವರನ್ನು ಕೇಳಿ ನೋಡಿ.

ಆಗ ನ್ಯಾಸ್ಕಾರ್‌ನಲ್ಲಿ ಎರಡು ಜಾತಿಯ ತಂಡಗಳಿದ್ದವು. ಒಂದು, ಕಾರು ಕಂಪನಿಯ ಬೆಂಬಲ ಇದ್ದವರು. ಪೆಟಿ ಕುಟುಂಬಕ್ಕೆ ಪ್ಲಿಮತ್, ಹೋಲ್ಮನ್-ಮೂಡಿಗೆ ಫೋರ್ಡ್. ಹೊಸ ಎಂಜಿನ್, ಹೊಸ ಟೈರ್, ಸಂಬಳದ ಮೆಕ್ಯಾನಿಕ್‌ಗಳು. ಇನ್ನೊಂದು, ಸ್ವಂತ ದುಡ್ಡಿನಲ್ಲಿ ಓಡಿಸುವವರು. ಇವರಿಗೆ ಬಹುಮಾನದ ಹಣವೇ ಸಂಬಳ. ಎಂಜಿನ್ ಸಿಡಿದರೆ ಮುಂದಿನ ವಾರದ ರೇಸ್ ಇಲ್ಲ, ಮನೆಗೆ ದಿನಸಿಯೂ ಇಲ್ಲ. ಹಾಗಾಗಿ ಅವರು ಪೂರ್ತಿ ಒತ್ತುವುದೇ ಇಲ್ಲ. ಎಷ್ಟು ಒತ್ತಿದರೆ ಎಂಜಿನ್ ಉಳಿಯುತ್ತದೆ ಅನ್ನುವ ಲೆಕ್ಕದಲ್ಲೇ ಮೂರು ನಾಲ್ಕು ಗಂಟೆ ಓಡಿಸಬೇಕು. ಅದೂ ಒಂದು ವಿದ್ಯೆ. ಜಾಸ್ತಿ ಕಷ್ಟದ ವಿದ್ಯೆ ಅಂತ ನನ್ನ ಅಭಿಪ್ರಾಯ.

ಸ್ಕಾಟ್ ಎರಡನೇ ಜಾತಿಯಲ್ಲೂ ಕೆಳಗಿನ ಮೆಟ್ಟಿಲು. ಗುಜರಿಯಿಂದ ತಂದ ಭಾಗಗಳಲ್ಲಿ ಎಂಜಿನ್ ಕಟ್ಟುತ್ತಿದ್ದರು. ರೇಸ್ ಮಧ್ಯೆ ಟೈರ್ ಬದಲಾಯಿಸಿ ಪೆಟ್ರೋಲ್ ತುಂಬುವ ಪಿಟ್ ಸಿಬ್ಬಂದಿ ಅವರ ಗಂಡುಮಕ್ಕಳೇ. ಅವರ ಕಾರಿನ ಒಂದು ಫೋಟೋ ಇದೆ, ಹುಡುಕಿ ನೋಡಿ. ಬೇರೆಯವರ ಕಾರಿನ ಮೇಲೆ ದೊಡ್ಡ ಮೆಕ್ಯಾನಿಕ್‌ನ ಹೆಸರು ಬರೆಸಿರುತ್ತಾರಲ್ಲ, ಆ ಜಾಗದಲ್ಲಿ ಇವರು "ಮೆಕ್ಯಾನಿಕ್: ನಾನೇ" ಅಂತ ಬರೆಸಿದ್ದರು.

ಸುಧಾ ಎಚ್:
ಅಯ್ಯೋ ಅದು ಎಷ್ಟು ಚೆನ್ನಾಗಿದೆ 😄

ಕ್ಲಚ್ ಕಿಟ್ಟಿ:
ನನಗೆ ಈ ವ್ಯಕ್ತಿ ಯಾರು ಅಂತಲೇ ಗೊತ್ತಿಲ್ಲ. ಯಾರಾದರೂ ಮೊದಲಿಂದ ಹೇಳ್ತೀರಾ? ಸುಮ್ನೆ ಜಗಳ ಓದುತ್ತಾ ಕೂತಿದ್ದೇನೆ.

ಹಳೇ ಅಂಬಾಸಿಡರ್:
ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ.

ಹುಟ್ಟಿದ್ದು 1921ರ ಆಗಸ್ಟ್ 29, ವರ್ಜೀನಿಯಾದ ಡ್ಯಾನ್‌ವಿಲ್. ಎರಡನೇ ಮಹಾಯುದ್ಧದಲ್ಲಿ ಸೇನೆಯ ವಾಹನ ವಿಭಾಗದಲ್ಲಿ ಯೂರೋಪಿನಲ್ಲಿದ್ದರು. ಅಲ್ಲಿ ಲಾರಿ, ಜೀಪು ರಿಪೇರಿ. ವಾಪಸ್ ಬಂದು ಸ್ವಂತ ಗ್ಯಾರೇಜು ಹಾಕಿದರು. ಟ್ಯಾಕ್ಸಿ ಕೂಡ ಓಡಿಸಿದ್ದಾರೆ. ಮನೆಯಲ್ಲಿ ಹೆಂಡತಿ ಮೇರಿ, ಏಳು ಮಕ್ಕಳು. ಗ್ಯಾರೇಜಿನ ಆದಾಯ ಸಾಲದೆ ರಾತ್ರಿ ಹೊತ್ತು ಕಳ್ಳಭಟ್ಟಿ ಸಾಗಿಸುತ್ತಿದ್ದರು. ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದು ಒಂದೇ ಸಲ, 1949ರಲ್ಲಿ. ಜೈಲಾಗಲಿಲ್ಲ, ಮೂರು ವರ್ಷ ನಡತೆಯ ಮೇಲೆ ಬಿಟ್ಟರು. ಆಮೇಲೂ ಸಾಗಾಟ ನಿಲ್ಲಲಿಲ್ಲ.

ವಾರಾಂತ್ಯದಲ್ಲಿ ಡ್ಯಾನ್‌ವಿಲ್‌ನ ರೇಸ್ ನೋಡಲು ಹೋಗುತ್ತಿದ್ದರು. ಕೂರಬೇಕಾದ್ದು ಕಪ್ಪು ಜನರಿಗೆ ಅಂತ ಬೇರೆ ಮಾಡಿದ್ದ ಜಾಗದಲ್ಲಿ. 1952ರಲ್ಲಿ ಅಲ್ಲಿನ ರೇಸ್ ನಡೆಸುವವರಿಗೆ ಗಲ್ಲಾಪೆಟ್ಟಿಗೆ ತುಂಬುತ್ತಿರಲಿಲ್ಲ. ಒಬ್ಬ ಕಪ್ಪು ಡ್ರೈವರನ್ನು ಇಳಿಸಿದರೆ ಜನ ಬರ್ತಾರೆ ಅಂತ ಐಡಿಯಾ ಮಾಡಿದರು. ಊರಲ್ಲಿ ವೇಗವಾಗಿ ಓಡಿಸೋ ಕಪ್ಪು ಡ್ರೈವರ್ ಯಾರು ಅಂತ ಯಾರನ್ನು ಕೇಳಿದರು ಗೊತ್ತಾ? ಪೊಲೀಸರನ್ನು! ಪೊಲೀಸರು ಹೇಳಿದ ಹೆಸರು ಸ್ಕಾಟ್.

ಕ್ಲಚ್ ಕಿಟ್ಟಿ:
ಹ್ಹಹ್ಹ. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಬೇಕಾ ಗಿರಿ ಅಣ್ಣಾ?

ಓವರ್‌ಸ್ಟಿಯರ್:
ಕಳ್ಳಭಟ್ಟಿಗೂ ರೇಸಿಗೂ ಏನು ಸಂಬಂಧ? ಇದು ಅಮೆರಿಕದವರು ಕಟ್ಟಿದ ಕಥೆ ಥರ ಇದೆ.

ಹಳೇ ಅಂಬಾಸಿಡರ್:
ಕಥೆ ಅಲ್ಲ ಸ್ವಾಮಿ. ಸಾರಾಯಿ ತುಂಬಿದ ಕಾರು ಹಿಂದೆ ಕುಸಿದರೆ ಪೊಲೀಸರಿಗೆ ದೂರದಿಂದಲೇ ಗೊತ್ತಾಗುತ್ತದೆ. ಅದಕ್ಕೆ ಹಿಂದಿನ ಸ್ಪ್ರಿಂಗ್ ಗಟ್ಟಿ ಮಾಡಿಸುತ್ತಿದ್ದರು. ಲೋಡ್ ಇದ್ದಾಗಲೂ ಸಮ ಕಾಣಬೇಕು, ಬೆಟ್ಟದ ತಿರುವಿನಲ್ಲಿ ಓಲಾಡಬಾರದು, ಹೆಡ್‌ಲೈಟ್ ಆರಿಸಿ ಓಡಿಸುವಷ್ಟು ರಸ್ತೆ ಬಾಯಿಪಾಠ ಇರಬೇಕು. ಎಂಜಿನ್ ಪೊಲೀಸ್ ಕಾರಿಗಿಂತ ಜೋರಾಗಿರಬೇಕು. ಇವಿಷ್ಟನ್ನೂ ಹಗಲಲ್ಲಿ ಟ್ರ್ಯಾಕ್ ಮೇಲೆ ತಂದರೆ ಅದೇ ಸ್ಟಾಕ್ ಕಾರ್ ರೇಸ್.

ದಾಖಲೆ ಬೇಕಾ? ನ್ಯಾಸ್ಕಾರ್‌ನ ದೊಡ್ಡ ಸರಣಿಯ ಮೊಟ್ಟಮೊದಲ ರೇಸ್, 1949ರ ಜೂನ್, ಶಾರ್ಲೆಟ್. ಮೊದಲು ಗುರಿ ಮುಟ್ಟಿದ್ದು ಗ್ಲೆನ್ ಡನವೇ. ತಪಾಸಣೆಯಲ್ಲಿ ನೋಡಿದರೆ ಹಿಂದಿನ ಸ್ಪ್ರಿಂಗ್ ಬದಲಾಯಿಸಿದ್ದಾರೆ. ಅದು ಸಾರಾಯಿ ಸಾಗಿಸೋ ಕಾರು! ಡನವೇ ಅನರ್ಹ, ಗೆಲುವು ಜಿಮ್ ರೋಪರ್‌ಗೆ.

ಶಾರ್ಲೆಟ್ ಶೆಟ್ಟಿ:
ನೋಡಿ, ಅದಕ್ಕೇ ನಮ್ಮ ಊರು ಅಂದ್ರೆ ಸುಮ್ನೆ ಅಲ್ಲ.

ಓವರ್‌ಸ್ಟಿಯರ್:
ನಿಮ್ಮ ಊರು ಕುಂದಾಪುರ ಅಲ್ವಾ?

ಶಾರ್ಲೆಟ್ ಶೆಟ್ಟಿ:
ಎರಡೂ ನಮ್ದೇ. ವಿಷಯಕ್ಕೆ ಬನ್ನಿ.

ಸುಧಾ ಎಚ್:
ಡ್ಯಾನ್‌ವಿಲ್ ಆದಮೇಲೆ ಏನಾಯ್ತು? ನ್ಯಾಸ್ಕಾರ್‌ನವರು ಹಾಗೇ ಸುಲಭವಾಗಿ ಬಿಟ್ಟುಕೊಂಡರಾ?

ಹಳೇ ಅಂಬಾಸಿಡರ್:
ಬಿಡಲಿಲ್ಲ ಮೇಡಂ. ಡ್ಯಾನ್‌ವಿಲ್‌ನಲ್ಲಿ ರೇಸ್ ನಡೆಸಿದ್ದು ಬೇರೆ ಸಂಸ್ಥೆ. ಆಮೇಲೆ ಸ್ಕಾಟ್ ಕಾರು ಕಟ್ಟಿಕೊಂಡು ನಾರ್ತ್ ಕ್ಯಾರೊಲೈನಾದ ವಿನ್‌ಸ್ಟನ್-ಸೇಲಂಗೆ ನ್ಯಾಸ್ಕಾರ್ ರೇಸಿಗೆ ಹೋದರು. ಮುಖ ನೋಡಿ ವಾಪಸ್ ಕಳಿಸಿದರು. ಹೈ ಪಾಯಿಂಟ್‌ನಲ್ಲೂ ಅದೇ ಕಥೆ. ಜಗಳ ಆಡಿ ಪ್ರಯೋಜನ ಇಲ್ಲ ಅಂತ ಚಿಕ್ಕಪುಟ್ಟ ಸಂಸ್ಥೆಗಳ ರೇಸುಗಳಿಗೆ ಹೋದರು. ಮೊದಲ ರೇಸ್ ಓಡಿಸಿ ಎರಡು ವಾರ ಆಗುವುದರೊಳಗೆ ಲಿಂಚ್‌ಬರ್ಗ್‌ನಲ್ಲಿ ಒಂದು ರೇಸ್ ಗೆದ್ದರು.

ನ್ಯಾಸ್ಕಾರ್ ಲೈಸೆನ್ಸ್ ಸಿಕ್ಕಿದ ರೀತಿ ಇನ್ನೂ ಸ್ವಾರಸ್ಯ. ರಿಚ್ಮಂಡ್‌ನಲ್ಲಿ ಮೈಕ್ ಪೋಸ್ಟನ್ ಅಂತ ಒಬ್ಬ ಸ್ಟೀವರ್ಡ್, ಅಂದರೆ ರೇಸ್ ಮೇಲ್ವಿಚಾರಕರು, ಇದ್ದರು. ಅರೆಕಾಲಿಕ ಕೆಲಸ, ದೊಡ್ಡ ಅಧಿಕಾರ ಏನೂ ಇಲ್ಲ. ಸ್ಕಾಟ್ ನೇರವಾಗಿ ಹೋಗಿ ಅರ್ಜಿ ಕೊಟ್ಟರು. ಇದುವರೆಗೆ ಕಪ್ಪು ಡ್ರೈವರ್ ಯಾರೂ ಬಂದಿಲ್ಲ, ನಿನ್ನನ್ನು ಗುದ್ದಿ ಗುದ್ದಿ ಹಾಕ್ತಾರೆ ಅಂತ ಪೋಸ್ಟನ್ ಎಚ್ಚರಿಸಿದರು. ತಡ್ಕೋತೀನಿ ಅಂದರು ಸ್ಕಾಟ್. ಪೋಸ್ಟನ್ ಸಹಿ ಹಾಕಿಬಿಟ್ಟರು. ಮೇಲಿನವರಿಗೆ ಗೊತ್ತಾಗಿ ಗೊಣಗಿದರಂತೆ, ಅಷ್ಟರಲ್ಲಿ ಲೈಸೆನ್ಸ್ ಕೈಯಲ್ಲಿತ್ತು.

ಸುಧಾ ಎಚ್:
ಇಡೀ ಕಥೆಯಲ್ಲಿ ನನಗೆ ಇಷ್ಟವಾದವರು ಆ ಪೋಸ್ಟನ್.

ಇತಿಹಾಸದ ಮೇಷ್ಟ್ರು:
ಒಂದು ತಿದ್ದುಪಡಿ ಸೇರಿಸುತ್ತೇನೆ. ಬಹಳ ಕಡೆ ಸ್ಕಾಟ್ ಅವರನ್ನು ನ್ಯಾಸ್ಕಾರ್‌ನ ದೊಡ್ಡ ಸರಣಿಯ ಮೊದಲ ಕಪ್ಪು ಡ್ರೈವರ್ ಅಂತ ಬರೆಯುತ್ತಾರೆ. ಹಾಗಲ್ಲ. ಎಲಿಯಾಸ್ ಬೋವಿ 1955ರಲ್ಲಿ ಓಡಿಸಿದ್ದಾರೆ, ಚಾರ್ಲಿ ಸ್ಕಾಟ್ 1956ರಲ್ಲಿ ಡೇಟೋನಾ ಬೀಚ್‌ನಲ್ಲಿ. ಅವರದ್ದು ಒಂದೊಂದೇ ರೇಸು. ಪೂರ್ತಿ ಕಾಲ ಓಡಿಸಿ, ಗೆದ್ದವರು ವೆಂಡೆಲ್ ಸ್ಕಾಟ್.

ಇನ್ನೊಂದು ವಿಷಯ ಎಲ್ಲರೂ ಮರೆಯುತ್ತಾರೆ. ದೊಡ್ಡ ಸರಣಿಗೆ ಬರುವ ಮೊದಲೇ ಇವರು ಚಾಂಪಿಯನ್. 1959ರಲ್ಲಿ ಕೆಳಗಿನ ಹಂತದ ರೇಸುಗಳಾದ ವರ್ಜೀನಿಯಾ ರಾಜ್ಯದ ಸ್ಪೋರ್ಟ್ಸ್‌ಮನ್ ವಿಭಾಗದ ಪ್ರಶಸ್ತಿ ಇವರಿಗೇ ಬಂತು. ಸಮಾನ ಕಾರು, ಸಮಾನ ಟ್ರ್ಯಾಕ್ ಇದ್ದಾಗ ಗೆಲ್ಲುತ್ತಿದ್ದರು ಅನ್ನುವುದಕ್ಕೆ ಅದಕ್ಕಿಂತ ಏನು ಬೇಕು? ಗಿರಿ ಅವರು 495 ಅಂತ ಶುರು ಮಾಡಿದ್ದಾರೆ. ಆ 495 ಶುರುವಾಗುವುದು 1961ರ ಮಾರ್ಚ್ 4ರಂದು, ಸ್ಪಾರ್ಟನ್‌ಬರ್ಗ್‌ನಲ್ಲಿ. ಆಗ ಸ್ಕಾಟ್‌ಗೆ 39 ವರ್ಷ. ಉಳಿದವರು ಇಪ್ಪತ್ತೆರಡು, ಇಪ್ಪತ್ಮೂರಕ್ಕೆ ಬರುತ್ತಿದ್ದ ಜಾಗಕ್ಕೆ ಇವರು ಏಳು ಮಕ್ಕಳ ತಂದೆಯಾಗಿ ಬಂದರು.

ಗೇರ್‌ಬಾಕ್ಸ್ ಗಿರಿ:
39ಕ್ಕೆ ಅನ್ನೋದು ನನಗೆ ಹೊಳೆದಿರಲಿಲ್ಲ. ಆ ಸ್ಪೋರ್ಟ್ಸ್‌ಮನ್ ಪ್ರಶಸ್ತಿಗೆ ತೂಕ ಇದೆ, ಅದನ್ನು ಒಪ್ತೀನಿ. ಆದರೂ ಹಾಲ್ ಆಫ್ ಫೇಮ್ ಕೊಟ್ಟಿದ್ದು ದೊಡ್ಡ ಸರಣಿಯನ್ನು ಮುಂದಿಟ್ಟುಕೊಂಡು. ಆ ಒಂದು ಗೆಲುವಿನ ಬಗ್ಗೆ ಹೇಳಿ. ಏನೋ ರಾದ್ಧಾಂತ ಆಗಿತ್ತಂತಲ್ಲ?

ಶಾರ್ಲೆಟ್ ಶೆಟ್ಟಿ:
ಅದನ್ನು ನಾನು ಬರೀತೇನೆ, ಮೇಷ್ಟ್ರೇ ನೀವು ಸ್ವಲ್ಪ ನಿಲ್ಲಿ 🙂

1963ರ ಡಿಸೆಂಬರ್ 1, ಫ್ಲಾರಿಡಾದ ಜ್ಯಾಕ್ಸನ್‌ವಿಲ್. ಸ್ಪೀಡ್‌ವೇ ಪಾರ್ಕ್ ಅಂತ ಅರ್ಧ ಮೈಲಿಯ ಮಣ್ಣಿನ ಟ್ರ್ಯಾಕ್. ಲೆಕ್ಕಕ್ಕೆ ಅದು 1964ರ ಸೀಸನ್‌ನ ರೇಸು. 200 ಸುತ್ತು. ಸ್ಕಾಟ್ ಹೊರಟಿದ್ದು 15ನೇ ಜಾಗದಿಂದ. ಕಾರು 1962ರ ಶೆವರ್ಲೆ ಬೆಲ್ ಏರ್, ಸಂಖ್ಯೆ 34. ಅದನ್ನು ನೆಡ್ ಜ್ಯಾರೆಟ್ ಅವರಿಂದ ಕೊಂಡಿದ್ದು. ಕೊನೆಯ 25 ಸುತ್ತು ಇರುವಾಗ ಮುಂದಿದ್ದ ರಿಚರ್ಡ್ ಪೆಟಿಯನ್ನು ಸ್ಕಾಟ್ ಹಿಂದೆ ಹಾಕಿದರು. ಪೆಟಿ ಕಾರಿಗೆ ತೊಂದರೆ ಇತ್ತು, ಅದೂ ನಿಜ.

200 ಸುತ್ತು ಮುಗಿಸಿ ಬಂದರೆ ರೇಸ್ ಮುಗಿಯಿತು ಅಂತ ತೋರಿಸುವ ಬಾವುಟ ಬೀಸಲೇ ಇಲ್ಲ. ಸ್ಕಾಟ್ ಓಡಿಸ್ತಾನೇ ಇದ್ದರು. ಬಾವುಟ ಬಿದ್ದಿದ್ದು ಬಕ್ ಬೇಕರ್‌ಗೆ! ಬೇಕರ್ ಎರಡು ಸುತ್ತು ಹಿಂದಿದ್ದರು. ಟ್ರೋಫಿ ಅವರ ಕೈಗೆ, ಫೋಟೋ ಅವರದ್ದು, ಗೆದ್ದವರಿಗೆ ಸಿಗುತ್ತಿದ್ದ ಸುಂದರಿಯ ಮುತ್ತೂ ಅವರಿಗೇ. ಸ್ಕಾಟ್ ದೂರು ಕೊಟ್ಟರು. ಸುತ್ತುಗಳ ಲೆಕ್ಕ ಬರೆದ ಕಾರ್ಡುಗಳನ್ನು ಮತ್ತೆ ಎಣಿಸಿದರು. ಪ್ರೇಕ್ಷಕರೆಲ್ಲ ಮನೆಗೆ ಹೋದ ಮೇಲೆ, ಹೌದಪ್ಪ ಗೆದ್ದಿದ್ದು ನೀನೇ ಅಂತ ಹೇಳಿ 1,000 ಡಾಲರ್ ಬಹುಮಾನದ ದುಡ್ಡು ಕೊಟ್ಟರು. ಟ್ರೋಫಿ ಬೇಕರ್ ಜೊತೆ ಹೊರಟುಹೋಗಿತ್ತು. ಅಧಿಕೃತ ದಾಖಲೆಯಲ್ಲಿ ಇವತ್ತಿಗೂ ಆ ರೇಸಿಗೆ 202 ಸುತ್ತು ಅಂತಲೇ ಇದೆ. ಆ ಹೆಚ್ಚಿನ ಎರಡು ಸುತ್ತು ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ.

ಕ್ಲಚ್ ಕಿಟ್ಟಿ:
ಎರಡು ಸುತ್ತು ಮುಂದಿರೋನು ಕಣ್ಣಿಗೆ ಬೀಳಲಿಲ್ವಾ?? ಬೇಕಂತಲೇ ಮಾಡಿದ್ದು. ಇನ್ನೇನು ವಿಚಾರಣೆ ಬೇಕು?

ಟೈಮ್ ಕಂಟ್ರೋಲ್:
ಸ್ವಲ್ಪ ತಡೀರಿ. ನಾನು ರ್ಯಾಲಿಗಳಲ್ಲಿ ಮಾರ್ಷಲ್ ಆಗಿ ಕೆಲಸ ಮಾಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ಆಗ ಸುತ್ತು ತಾನಾಗಿ ಎಣಿಸುವ ಟ್ರಾನ್ಸ್‌ಪಾಂಡರ್ ಇಲ್ಲ, ಕಂಪ್ಯೂಟರ್ ಇಲ್ಲ. ಒಂದೊಂದು ಕಾರಿಗೂ ಒಬ್ಬೊಬ್ಬರು ಕಾರ್ಡು, ಪೆನ್ಸಿಲ್ ಹಿಡಿದು ಕೂರುತ್ತಾರೆ. ತಮ್ಮ ಕಾರು ಗೆರೆ ದಾಟಿದಾಗಲೆಲ್ಲ ಎದುರಿನ ಗಡಿಯಾರ ನೋಡಿ ಸಮಯ ಬರೆಯಬೇಕು. ಅರ್ಧ ಮೈಲಿಯ ಟ್ರ್ಯಾಕಿನಲ್ಲಿ ಅರ್ಧ ನಿಮಿಷಕ್ಕೊಮ್ಮೆ ಕಾರು ಬರುತ್ತದೆ. ಶುರುವಿನಲ್ಲಿ ನೀರು ಹೊಡೆದ ಮಣ್ಣು ಒದ್ದೆಯಾಗಿರುತ್ತದೆ. ಐವತ್ತು ಸುತ್ತು ಕಳೆಯುವ ಹೊತ್ತಿಗೆ ಒಣಗಿ ಧೂಳು. ತಿರುವುಗಳಲ್ಲಿ ಗುಂಡಿ. ಕಾರುಗಳೆಲ್ಲ ಅಡ್ಡಡ್ಡ ಜಾರುತ್ತಾ ಬರುತ್ತವೆ, ನಂಬರ್ ಮೇಲೆಲ್ಲ ಕೆಸರು. ಒಂದು ಸಲ ಕಣ್ಣು ತಪ್ಪಿದರೆ ಒಂದು ಸುತ್ತೇ ಮಾಯ.

ಮಲೆನಾಡಿನ ಕಡೆ ಒಂದು ರ್ಯಾಲಿಯಲ್ಲಿ ನಮ್ಮ ಕಂಟ್ರೋಲ್‌ಗೆ, ಅಂದರೆ ಸಮಯ ಬರೆಯುವ ಜಾಗಕ್ಕೆ, ಎರಡು ಕಾರು ಒಟ್ಟಿಗೆ ಬಂದವು. ಪಕ್ಕದಲ್ಲಿದ್ದವರು ಒಂದರ ಕಾರ್ಡಿನಲ್ಲಿ ಒಂದು ನಿಮಿಷ ಜಾಸ್ತಿ ಬರೆದರು. ಆ ಕಾರಿನಲ್ಲಿ ದಾರಿ ಹೇಳುವ ನ್ಯಾವಿಗೇಟರ್ ಸಂಜೆ ಊಟದವರೆಗೂ ಜಗಳ ಬಿಡಲಿಲ್ಲ. ಸಂಘಟಕರು ಕೊನೆಗೂ ತಿದ್ದಲಿಲ್ಲ. ಅಲ್ಲಿ ಯಾರಿಗೂ ಯಾರ ಮೇಲೂ ದ್ವೇಷ ಇರಲಿಲ್ಲ, ಬರೀ ಉಡಾಫೆ.

ದೊಡ್ಡ ಉದಾಹರಣೆ: 1959ರ ಮೊಟ್ಟಮೊದಲ ಡೇಟೋನಾ 500 ರೇಸ್. ಮೊದಲು ಜಾನಿ ಬೋಶಾಂಪ್ ಗೆದ್ದರು ಅಂದರು. ಮೂರು ದಿನ ಫೋಟೋ, ಸುದ್ದಿಚಿತ್ರ ಎಲ್ಲ ನೋಡಿ ಲೀ ಪೆಟಿ ಗೆದ್ದಿದ್ದು ಅಂದರು. ಅಲ್ಲಿ ಇಬ್ಬರೂ ಬಿಳಿಯರೇ. ಹಾಗಾಗಿ ಎಣಿಕೆ ತಪ್ಪಿತು ಅನ್ನುವುದು ಅಸಾಧ್ಯವೇನಲ್ಲ.

ಇತಿಹಾಸದ ಮೇಷ್ಟ್ರು:
ಎಣಿಕೆ ತಪ್ಪಬಹುದು, ಒಪ್ಪಿದೆ. ಆದರೆ ಡೇಟೋನಾದಲ್ಲಿ ಅಂತರ ಇಂಚುಗಳದ್ದು, ಅದಕ್ಕೆ ಫೋಟೋ ಬೇಕಾಯ್ತು. ಇಲ್ಲಿ ಅಂತರ ಎರಡು ಸುತ್ತು, ಅಂದರೆ ಒಂದು ಮೈಲಿ. ಡೇಟೋನಾದಲ್ಲಿ ತೀರ್ಪು ಬದಲಾದ ಮೇಲೆ ಲೀ ಪೆಟಿಗೆ ಟ್ರೋಫಿ ಸಿಕ್ಕಿತು. ಸ್ಕಾಟ್‌ಗೆ ಸಿಕ್ಕಿದ್ದೇನು? ಕೆಲವು ವಾರಗಳ ನಂತರ ಸವಾನಾದಲ್ಲಿ ಮರದ ತುಂಡಿನಂಥ ಒಂದು ಬಹುಮಾನ. ಅಸಲಿ ಟ್ರೋಫಿ ಅವರು ಸಾಯುವವರೆಗೂ ಬರಲಿಲ್ಲ. 2010ರಲ್ಲಿ ಜ್ಯಾಕ್ಸನ್‌ವಿಲ್‌ನವರು ಕುಟುಂಬಕ್ಕೆ ಒಂದು ಪ್ರತಿಕೃತಿ ಕೊಟ್ಟರು. ನ್ಯಾಸ್ಕಾರ್ ತಾನೇ ಒಂದು ಟ್ರೋಫಿ ಮಾಡಿಸಿ ಕೊಟ್ಟಿದ್ದು 2021ರ ಆಗಸ್ಟ್‌ನಲ್ಲಿ, ಡೇಟೋನಾದಲ್ಲಿ. ಅಂದರೆ 58ನೇ ವರ್ಷದಲ್ಲಿ.

ಕಾರಣ ಏನು ಅಂತ ಸ್ಕಾಟ್ ಅವರೇ ಹೇಳಿದ್ದರು. ತಾನು ಗೆದ್ದಿದ್ದು ಎಲ್ಲರಿಗೂ ಗೊತ್ತಿತ್ತು, ಕಪ್ಪು ಮನುಷ್ಯ ಬಿಳಿ ಸುಂದರಿಗೆ ಎಲ್ಲರೆದುರು ಮುತ್ತು ಕೊಡುವುದು ಬೇಡವಾಗಿತ್ತು ಅಂತ. ಅದು 1963ರ ಫ್ಲಾರಿಡಾ. ಸಾರ್ವಜನಿಕ ಜಾಗದಲ್ಲಿ ಭೇದ ಮಾಡಬಾರದು ಅನ್ನುವ ನಾಗರಿಕ ಹಕ್ಕುಗಳ ಕಾನೂನು ಬಂದಿದ್ದೇ 1964ರ ಜುಲೈನಲ್ಲಿ.

ಟೈಮ್ ಕಂಟ್ರೋಲ್:
ಮೇಷ್ಟ್ರೇ, ಬೇಕಂತ ಕದಿಯುವವರು ಅದೇ ಸಂಜೆ ವಾಪಸ್ ಯಾಕೆ ಕೊಡ್ತಾರೆ? ನನ್ನ ಪ್ರಶ್ನೆ ಅಷ್ಟೇ.

ಸುಧಾ ಎಚ್:
ಯಾಕೆಂದರೆ ದುಡ್ಡು ಮತ್ತು ದಾಖಲೆ ವಾಪಸ್ ಕೊಡಬಹುದು, ಯಾರೂ ನೋಡಲ್ಲ. ಜನರ ಮುಂದೆ ಟ್ರೋಫಿ ಎತ್ತಿ ಹಿಡಿಯೋ ಆ ಐದು ನಿಮಿಷ ಇದೆಯಲ್ಲ, ಅದನ್ನು ಕೊಡಬಾರದು. ಅದನ್ನು ತಪ್ಪಿಸಿದರು. ಎರಡನ್ನೂ ಹೀಗೆ ಸೇರಿಸಿ ನೋಡಿ ಸರ್, ಕಷ್ಟವೇನಿಲ್ಲ.

ಕ್ಲಚ್ ಕಿಟ್ಟಿ:
👏 ಸುಧಾ ಮೇಡಂ ಹೇಳಿದ್ದು ಸರಿ.

ಟೈಮ್ ಕಂಟ್ರೋಲ್:
ಇರಬಹುದು. ಆದರೂ ಕಾರ್ಡು ಬರೆದವರು ಒಬ್ಬರು, ಬಾವುಟ ಹಿಡಿದವರು ಒಬ್ಬರು, ಟ್ರೋಫಿ ಕೊಟ್ಟವರು ಇನ್ನೊಬ್ಬರು. ಎಲ್ಲರೂ ಸೇರಿ ಸಂಚು ಮಾಡಿದರು ಅಂತ ನಂಬುವುದು ನನಗೆ ಆಗಲ್ಲ. ಒಬ್ಬರು ಕಣ್ಣು ಮುಚ್ಚಿರಬಹುದು, ಉಳಿದವರು ಸುಮ್ಮನಿದ್ದಿರಬಹುದು.

ಹಳೇ ಅಂಬಾಸಿಡರ್:
ಆ ಕಾಲದ ಅರ್ಧ ಅನ್ಯಾಯ ನಡೆದಿದ್ದೇ ಹಾಗೆ.

ಇನ್ನೂ ಒಂದು ಲೆಕ್ಕ ಇಲ್ಲಿ ಯಾರೂ ತೆಗೆದಿಲ್ಲ. 1961ರಲ್ಲಿ ಸ್ಕಾಟ್ 23 ರೇಸ್ ಓಡಿಸಿದರು. ವರ್ಷದ ಹೊಸ ಡ್ರೈವರ್ ಪ್ರಶಸ್ತಿ ಕೊಟ್ಟಿದ್ದು ವುಡಿ ವಿಲ್ಸನ್‌ಗೆ. ಅವರು ಆ ವರ್ಷ ಓಡಿಸಿದ್ದು ಬೆರಳೆಣಿಕೆಯಷ್ಟು ರೇಸ್. ಅಲ್ಲಿ ಧೂಳೂ ಇರಲಿಲ್ಲ, ಪೆನ್ಸಿಲ್ಲೂ ಇರಲಿಲ್ಲ.

ಓವರ್‌ಸ್ಟಿಯರ್:
ಹಾಗಾದರೆ ನ್ಯಾಸ್ಕಾರ್ ಶುರು ಮಾಡಿದ ಬಿಲ್ ಫ್ರಾನ್ಸ್ ಏನು ಮಾಡ್ತಿದ್ದರು? ಅವರೇ ಕೆಟ್ಟವರಾ?

ಇತಿಹಾಸದ ಮೇಷ್ಟ್ರು:
ಅದೇ ಸಮಸ್ಯೆ. ಫ್ರಾನ್ಸ್ ಅವರನ್ನು ಒಳ್ಳೆಯವರು, ಕೆಟ್ಟವರು ಅಂತ ಒಂದು ಪೆಟ್ಟಿಗೆಗೆ ಹಾಕಲು ಆಗಲ್ಲ.

1954ರಲ್ಲಿ ರಾಲಿ ಅನ್ನುವ ಊರಿನಲ್ಲಿ ರೇಸ್ ನಡೆಸಿದವರು ಬಂದ ಬಿಳಿ ಡ್ರೈವರ್‌ಗಳಿಗೆಲ್ಲ ಪೆಟ್ರೋಲ್ ಖರ್ಚು ಕೊಟ್ಟರು. ಸ್ಕಾಟ್‌ಗೆ ಕೊಡಲಿಲ್ಲ. ಮರುದಿನ ಲಿಂಚ್‌ಬರ್ಗ್‌ನ ಪಿಟ್‌ನಲ್ಲಿ ಸ್ಕಾಟ್ ನೇರವಾಗಿ ಫ್ರಾನ್ಸ್ ಹತ್ತಿರ ಹೋಗಿ ಹೇಳಿದರು. ಫ್ರಾನ್ಸ್ ಜೇಬಿಗೆ ಕೈ ಹಾಕಿದರು. ಬರಬೇಕಾದ್ದು 15 ಡಾಲರ್, ಕೊಟ್ಟಿದ್ದು 30. ನೀನು ನ್ಯಾಸ್ಕಾರ್ ಸದಸ್ಯ, ಇನ್ನು ಮುಂದೆ ಸದಸ್ಯನ ಹಾಗೇ ನೋಡಿಕೊಳ್ತೀವಿ ಅಂದರು. ಇದನ್ನು ಹೇಳಿದ್ದು ಸ್ವತಃ ಸ್ಕಾಟ್.

ಅದೇ ಫ್ರಾನ್ಸ್ ಕಾಲದಲ್ಲೇ ಡಾರ್ಲಿಂಗ್ಟನ್ ಟ್ರ್ಯಾಕ್‌ನವರು ವರ್ಷಗಟ್ಟಲೆ ಸ್ಕಾಟ್‌ಗೆ ಪ್ರವೇಶ ಕೊಡಲಿಲ್ಲ. ನ್ಯಾಸ್ಕಾರ್ ಏನೂ ಮಾಡಲಿಲ್ಲ. ಅದೇ ಫ್ರಾನ್ಸ್ 1972ರಲ್ಲಿ ಜಾರ್ಜ್ ವಾಲೇಸ್ ಪರವಾಗಿ ಫ್ಲಾರಿಡಾದಲ್ಲಿ ಪ್ರಚಾರದ ಮುಂದಾಳತ್ವ ವಹಿಸಿದರು. ಕಪ್ಪು ವಿದ್ಯಾರ್ಥಿಗಳನ್ನು ತಡೆಯಲು ವಿಶ್ವವಿದ್ಯಾಲಯದ ಬಾಗಿಲಿಗೆ ಅಡ್ಡ ನಿಂತ ಅಲಬಾಮಾ ಗವರ್ನರ್ ಈ ವಾಲೇಸ್.

ಕ್ಲಚ್ ಕಿಟ್ಟಿ:
ವಾಲೇಸ್ ಅಂದ್ರೆ ಈಗಿನ ಬಬ್ಬಾ ವಾಲೇಸ್ ಕಡೆಯವರಾ?

ಶಾರ್ಲೆಟ್ ಶೆಟ್ಟಿ:
ಅಯ್ಯೋ ಇಲ್ಲ ಮಾರಾಯ! ಬಬ್ಬಾ ಕಪ್ಪು ಡ್ರೈವರ್. ಹುಟ್ಟಿದ್ದು ಅಲಬಾಮಾದಲ್ಲೇ, ಹೆಸರೂ ವಾಲೇಸ್, ಅಷ್ಟೇ. ಸ್ಕಾಟ್ ನಂತರ ದೊಡ್ಡ ಸರಣಿಯಲ್ಲಿ ಗೆದ್ದ ಎರಡನೇ ಕಪ್ಪು ಡ್ರೈವರ್ ಅವರೇ. 2021ರ ಅಕ್ಟೋಬರ್ 4, ಅಲಬಾಮಾದ ಟ್ಯಾಲಡೆಗಾ ಟ್ರ್ಯಾಕ್. ಮಳೆ ಬಂದು ರೇಸ್ ಅರ್ಧಕ್ಕೆ ನಿಂತಿತು, ಆಗ ಮುಂದಿದ್ದದ್ದು ಬಬ್ಬಾ.

ಅದಕ್ಕೂ ಮೊದಲು ನ್ಯಾಸ್ಕಾರ್‌ನದೇ ಪಿಕಪ್ ಟ್ರಕ್‌ಗಳ ಸರಣಿಯಲ್ಲಿ 2013ರಲ್ಲಿ ಮಾರ್ಟಿನ್ಸ್‌ವಿಲ್‌ನಲ್ಲಿ ಗೆದ್ದಿದ್ದರು. ಮರುವರ್ಷ ಅದೇ ಜಾಗಕ್ಕೆ ಸ್ಕಾಟ್ ಗೌರವಕ್ಕೆ ಅಂತ 34 ನಂಬರ್ ಹಾಕಿಕೊಂಡು ಬಂದು ಮತ್ತೆ ಗೆದ್ದರು.

ಗೇರ್‌ಬಾಕ್ಸ್ ಗಿರಿ:
ಮಾರ್ಟಿನ್ಸ್‌ವಿಲ್ ಅಂದ್ರೆ ನಮ್ಮ ನರೇನ್ ಕಾರ್ತಿಕೇಯನ್ ಓಡಿಸಿದ ಟ್ರ್ಯಾಕ್ ಅಲ್ವಾ?

ಶಾರ್ಲೆಟ್ ಶೆಟ್ಟಿ:
ಹೌದು! 2010ರಲ್ಲಿ ಟ್ರಕ್ ಸರಣಿಗೆ ಬಂದಾಗ ಮೊದಲ ರೇಸ್ ಅಲ್ಲೇ. 13ನೇ ಸ್ಥಾನ. ಫಾರ್ಮುಲಾ ಒನ್‌ನಲ್ಲಿ ಓಡಿಸಿದವರು ಆ ಸಣ್ಣ ಟ್ರ್ಯಾಕಿನಲ್ಲಿ ಗುದ್ದಾಟ ಕಲಿಯಬೇಕಾಯ್ತು. ಆ ವರ್ಷ ಟ್ರಕ್ ಸರಣಿಯ ಜನಪ್ರಿಯ ಡ್ರೈವರ್ ಪ್ರಶಸ್ತಿಯೂ ಅವರಿಗೇ. ನಮ್ಮವರು ಇಲ್ಲಿ ಕೂತು ಮತ ಹಾಕಿದ್ದೂ ಹಾಕಿದ್ದೇ 😄 ಮಾರ್ಟಿನ್ಸ್‌ವಿಲ್‌ನಿಂದ ಸ್ಕಾಟ್ ಅವರ ಡ್ಯಾನ್‌ವಿಲ್‌ಗೆ ಐವತ್ತು ಕಿಲೋಮೀಟರ್ ಆಸುಪಾಸು.

ಓವರ್‌ಸ್ಟಿಯರ್:
ನೋಡಿದ್ರಾ, ಎಫ್‌ಒನ್ ಡ್ರೈವರ್‌ಗೂ 13ನೇದು. ನಾನು ಏನೂ ಹೇಳಲ್ಲ.

ಹಳೇ ಅಂಬಾಸಿಡರ್:
ಮೊದಲ ಸಲ ಏನೋ ಕಲಿತಿದ್ದೀರಿ ಅಂತಾಯ್ತು.

ಸುಧಾ ಎಚ್:
ಸ್ಕಾಟ್ ರೇಸ್ ಬಿಟ್ಟಿದ್ದು ಹೇಗೆ? ವಯಸ್ಸಾಗಿಯಾ?

ಇತಿಹಾಸದ ಮೇಷ್ಟ್ರು:
ಅಪಘಾತ. 1973ರ ಮೇ, ಟ್ಯಾಲಡೆಗಾ. ಆಗ ಸ್ಕಾಟ್‌ಗೆ 51 ವರ್ಷ. ಒಂದಾದರೂ ಒಳ್ಳೆ ಕಾರು ಓಡಿಸಬೇಕು ಅಂತ ಸಾಲ ಮಾಡಿ ಮರ್ಕ್ಯುರಿ ತಂದಿದ್ದರು. ರೇಸ್ ಶುರುವಾಗಿ ಸ್ವಲ್ಪ ಹೊತ್ತಿಗೇ ಇಪ್ಪತ್ತಕ್ಕೂ ಹೆಚ್ಚು ಕಾರುಗಳು ಒಂದಕ್ಕೊಂದು ಡಿಕ್ಕಿ. ಸ್ಕಾಟ್‌ಗೆ ಪಕ್ಕೆಲುಬು, ಸೊಂಟದ ಮೂಳೆ ಮುರಿಯಿತು. ಕಾರು ಹೋಯಿತು, ಸಾಲ ಉಳಿಯಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಶಾರ್ಲೆಟ್‌ನಲ್ಲಿ ಇನ್ನೊಂದು ರೇಸ್ ಓಡಿಸಿದರು, 12ನೆಯವರಾಗಿ ಮುಗಿಸಿದರು. ಅದೇ ಕೊನೆ. ಮತ್ತೆ ಡ್ಯಾನ್‌ವಿಲ್‌ನ ಗ್ಯಾರೇಜಿಗೆ. 1990ರ ಡಿಸೆಂಬರ್ 23ರಂದು ಬೆನ್ನುಹುರಿಯ ಕ್ಯಾನ್ಸರ್‌ನಿಂದ ತೀರಿಕೊಂಡರು.

ಇಡೀ ಜೀವನದಲ್ಲಿ ದೊಡ್ಡ ಸರಣಿಯಿಂದ ಬಂದ ಬಹುಮಾನ ಸುಮಾರು 1 ಲಕ್ಷ 80 ಸಾವಿರ ಡಾಲರ್. 495 ರೇಸಿಗೆ ಹಂಚಿದರೆ ರೇಸಿಗೆ ಸುಮಾರು 365 ಡಾಲರ್. ಅದರಲ್ಲೇ ಟೈರು, ಪೆಟ್ರೋಲು, ಮಕ್ಕಳ ಸ್ಕೂಲು ಎಲ್ಲ.

ಕ್ಲಚ್ ಕಿಟ್ಟಿ:
365 ಡಾಲರ್‌ನಲ್ಲಿ ರೇಸಾ? ನಮ್ಮ ಹುಡುಗರು ಬೈಕಿಗೆ ಎಕ್ಸಾಸ್ಟ್ ಹಾಕಿಸೋದಕ್ಕೇ ಅದಕ್ಕಿಂತ ಜಾಸ್ತಿ ಸುರೀತಾರೆ.

ಸುಧಾ ಎಚ್:
ಇವರ ಮೇಲೆ ಸಿನಿಮಾ ಬಂದಿಲ್ವಾ?

ಶಾರ್ಲೆಟ್ ಶೆಟ್ಟಿ:
1977ರಲ್ಲೇ ಬಂದಿದೆ, ರಿಚರ್ಡ್ ಪ್ರಯರ್ ಸ್ಕಾಟ್ ಪಾತ್ರ ಮಾಡಿದ್ದರು. ನಗಿಸುವ ನಟ, ಹಾಗಾಗಿ ಅರ್ಧ ತಮಾಷೆ. ಮಕ್ಕಳಿದ್ದರೆ ಪಿಕ್ಸಾರ್‌ನವರ ಕಾರು ಸಿನಿಮಾದ ಮೂರನೇ ಭಾಗ ನೋಡಿರ್ತೀರಿ. ಅದರಲ್ಲಿ ರಿವರ್ ಸ್ಕಾಟ್ ಅಂತ 34 ನಂಬರಿನ ಒಂದು ಹಳೇ ಕಾರು ಬರುತ್ತದಲ್ಲ, ಅದು ಇವರೇ.

ಸುಧಾ ಎಚ್:
ಓಹ್! ನನ್ನ ಮಗ ಅದನ್ನು ಎಷ್ಟು ಸಲ ಹಾಕಿಸಿಕೊಂಡು ನೋಡಿದ್ದಾನೋ. ಆ ಕಾರಿನ ಹಿಂದೆ ಒಬ್ಬ ಮನುಷ್ಯ ಇದ್ದಾನೆ ಅಂತ ಇವತ್ತೇ ಗೊತ್ತಾಗಿದ್ದು.

ಟೈಮ್ ಕಂಟ್ರೋಲ್:
ಇಂಡಿಯಾನಾಪೊಲಿಸ್‌ನಲ್ಲಿ ಕಥೆ ಹೇಗಿತ್ತು? ಅದು ಉತ್ತರದ ರಾಜ್ಯ, ಅಲ್ಲಿ ಪರವಾಗಿಲ್ವೇನೋ.

ಇತಿಹಾಸದ ಮೇಷ್ಟ್ರು:
ಅಲ್ಲಿ ಇನ್ನೂ ತಡ. ಅಲ್ಲಿನ ದೊಡ್ಡ ರೇಸ್ ಇಂಡಿ 500ಗೆ ಅರ್ಹತೆ ಪಡೆದ ಮೊದಲ ಕಪ್ಪು ಡ್ರೈವರ್ ವಿಲ್ಲಿ ಟಿ. ರಿಬ್ಸ್, 1991ರಲ್ಲಿ. ಸ್ಕಾಟ್ ತೀರಿಕೊಂಡ ಮರುವರ್ಷ. 1920ರ ದಶಕದಲ್ಲಿ ಅಲ್ಲೇ ಕಪ್ಪು ಡ್ರೈವರ್‌ಗಳು ತಮ್ಮದೇ ಬೇರೆ ರೇಸ್ ನಡೆಸಿಕೊಂಡರು. ಚಾರ್ಲಿ ವಿಗಿನ್ಸ್ ಅಂತ ಒಬ್ಬ ಅದ್ಭುತ ಮೆಕ್ಯಾನಿಕ್ ಕಂ ಡ್ರೈವರ್ ಇದ್ದರು. ಅದಕ್ಕೇ ಒಂದು ಥ್ರೆಡ್ ಬೇಕು.

ಕ್ಲಚ್ ಕಿಟ್ಟಿ:
ಮೇಷ್ಟ್ರೇ, ಶುರು ಮಾಡಿ. ಓದೋಕೆ ನಾನಿದ್ದೀನಿ, ಜಗಳಕ್ಕೆ ಗಿರಿ ಅಣ್ಣ ಇದ್ದಾರೆ.

ಗೇರ್‌ಬಾಕ್ಸ್ ಗಿರಿ:
ಜಗಳ ಇನ್ನೂ ಮುಗಿದಿಲ್ಲ. ನನ್ನ ನಿಲುವು ಇಷ್ಟು: ಪೆಟಿ, ಪಿಯರ್ಸನ್ ಕೂತಿರೋ ಸಾಲಿನಲ್ಲಿ ಬರೀ ಡ್ರೈವರ್ ಅಂತ ಸ್ಕಾಟ್ ಅವರನ್ನು ಕೂರಿಸಲು ನನಗೆ ಈಗಲೂ ಕಷ್ಟ. ಆದರೆ ಕಾರು ಕಟ್ಟಿದವರು, ತಂಡದ ಮಾಲೀಕರು, ಪಿಟ್ ಮುಖ್ಯಸ್ಥರು, ಡ್ರೈವರ್ ಎಲ್ಲ ಒಬ್ಬರೇ ಅಂತ ನೋಡಿದರೆ ಲೆಕ್ಕ ಬೇರೆ. ಪೆಟಿ ಹಿಂದೆ ಎಷ್ಟು ಜನ ಇದ್ದರು ಅಂತ ಯಾರೂ ಕೇಳಲ್ಲ, 200 ಮಾತ್ರ ಹೇಳ್ತೀವಿ.

ಹಳೇ ಅಂಬಾಸಿಡರ್:
ಅಂತೂ ಅರ್ಧ ದಾರಿಗೆ ಬಂದ್ರಿ. ಇನ್ನರ್ಧಕ್ಕೆ ಆ 1959ರ ಸ್ಪೋರ್ಟ್ಸ್‌ಮನ್ ಪ್ರಶಸ್ತಿ ಬಗ್ಗೆ ಇನ್ನೊಂದು ಸಲ ಯೋಚಿಸಿ.

ಗೇರ್‌ಬಾಕ್ಸ್ ಗಿರಿ:
ರಾಜ್ಯ ಮಟ್ಟದ್ದು ಸರ್ ಅದು. ರಣಜಿ ಆಡಿದವರನ್ನೆಲ್ಲ ಟೆಸ್ಟ್ ದಿಗ್ಗಜರ ಪಟ್ಟಿಗೆ ಹಾಕ್ತೀರಾ?

ಹಳೇ ಅಂಬಾಸಿಡರ್:
ಟೆಸ್ಟ್‌ಗೆ ಬಂದಾಗ ಬ್ಯಾಟೇ ಕೊಡದಿದ್ದರೆ ರಣಜಿ ನೋಡಬೇಕಾಗುತ್ತೆ, ಏನ್ಮಾಡೋದು.

ಓವರ್‌ಸ್ಟಿಯರ್:
ಈಗ ಕ್ರಿಕೆಟ್ ಬಂತು, ಈ ಥ್ರೆಡ್ ಮುಗೀತು ಅಂತಲೇ ಲೆಕ್ಕ. ಶೆಟ್ರೇ, ಒಂದು ಪ್ರಶ್ನೆ. ನಿಜವಾಗಿ ಕೇಳ್ತಿದ್ದೀನಿ, ಜೋಕಲ್ಲ. ಒಂದೇ ಒಂದು ನ್ಯಾಸ್ಕಾರ್ ರೇಸ್ ನೋಡಬೇಕು ಅಂದ್ರೆ ಯಾವುದು ನೋಡಲಿ?

ಶಾರ್ಲೆಟ್ ಶೆಟ್ಟಿ:
ಮಾರ್ಟಿನ್ಸ್‌ವಿಲ್. ಸಣ್ಣ ಟ್ರ್ಯಾಕ್, ಗುದ್ದಾಟ ಜಾಸ್ತಿ. ಅಲ್ಲೂ ಎಡಕ್ಕೇ ತಿರುಗಿಸ್ತಾರೆ, ಮೊದಲೇ ಹೇಳಿದ್ದೇನೆ.